ಗ್ನೂ ನ್ಯಾನೋ: ಕೀಲಿಗಳನ್ನು ಕಣ್ಣೆದುರೇ ಇಡುವ ಎಡಿಟರ್

ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ (ಸುರಕ್ಷಿತ ದೂರಸಂಪರ್ಕ ವಿಧಾನ) ಮೂಲಕ ಲಾಗಿನ್ ಆಗಿ ಕಾನ್ಫಿಗರೇಶನ್ ಫೈಲಿನ ಒಂದೆರಡು ಸಾಲು ತಿದ್ದಬೇಕಾದವರಿಗೆ ನಾನು ಮೊದಲು ಸೂಚಿಸುವ ಟೆಕ್ಸ್ಟ್ ಎಡಿಟರ್ ಗ್ನೂ ನ್ಯಾನೋ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೈನ್ ಎಂಬ ಇಮೇಲ್ ತಂತ್ರಾಂಶದೊಂದಿಗೆ ಬರುತ್ತಿದ್ದ ಪಿಕೋ ಎಡಿಟರಿನ ಪರವಾನಗಿಯು ಮುಕ್ತ ತಂತ್ರಾಂಶದ ನಿಯಮಗಳಿಗೆ ಹೊಂದುತ್ತಿರಲಿಲ್ಲವಾದ್ದರಿಂದ, ಕ್ರಿಸ್ ಅಲೆಗ್ರೆಟ್ಟಾ ಅವರು 1999ರಲ್ಲಿ ಅದೇ ಬಗೆಯ ಹೊಸ ಎಡಿಟರನ್ನು ಬರೆದರು. ಇಂದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನಲ್ಲಿ ಅದು ಮೊದಲೇ ಇರುತ್ತದೆ. ಇನ್ನೊಂದು ಲಿನಕ್ಸ್ ಆದ ಫೆಡೋರಾ ಕೂಡ 2020ರಲ್ಲಿ, ತನ್ನ 33ನೇ ಆವೃತ್ತಿಯಿಂದ, ಅದನ್ನೇ ಡೀಫಾಲ್ಟ್ ಎಡಿಟರ್ ಆಗಿ ಸ್ವೀಕರಿಸಿತು.

ಇದರ ನಿಜವಾದ ಹೆಚ್ಚುಗಾರಿಕೆ ಇರುವುದು ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ. ಉಳಿಸಲು, ಹುಡುಕಲು, ಸಾಲನ್ನು ಕತ್ತರಿಸಲು, ಹೊರಬರಲು ಯಾವ ಕೀಲಿ ಒತ್ತಬೇಕೆಂಬುದು ಅಲ್ಲಿ ಸದಾ ಕಾಣುತ್ತಿರುತ್ತದೆ. ಕ್ಯಾರೆಟ್ (^) ಗುರುತೆಂದರೆ ಕಂಟ್ರೋಲ್, ಎಮ್ ಎಂದರೆ ಆಲ್ಟ್ ಎಂಬುದಿಷ್ಟು ಗೊತ್ತಿದ್ದರೆ ಸಾಕು. ನಿಗದಿತ ವೇಳೆಗೆ ತಾವಾಗಿ ನಡೆಯುವ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್ ತೆರೆದು ಬ್ಯಾಕಪ್ಪಿನ ವೇಳೆಯನ್ನು ಬದಲಿಸಿ ಕಂಟ್ರೋಲ್ ಎಕ್ಸ್ ಒತ್ತಿದರೆ, ಬದಲಾವಣೆಯನ್ನು ಉಳಿಸಬೇಕೇ ಎಂದು ಅದೇ ಕೇಳುತ್ತದೆ. ವೈ ಒತ್ತಿ, ಫೈಲಿನ ಹೆಸರನ್ನು ಕಣ್ಣಾಡಿಸಿ, ಎಂಟರ್ ಒತ್ತಿದರೆ ಕೆಲಸ ಮುಗಿಯಿತು. ವಿಮ್ ಎಂಬ ಇನ್ನೊಂದು ಎಡಿಟರಿನಲ್ಲಾದರೆ ಬರೆಯುವ ಮುನ್ನ ಇನ್ಸರ್ಟ್ ಮೋಡ್‌ಗೆ ಹೋಗಬೇಕು, ಹೊರಬರುವ ಮುನ್ನ ಎಸ್ಕೇಪ್ ಒತ್ತಿ ಆಜ್ಞೆ ಕೊಡಬೇಕು. ದಿನವಿಡೀ ಕೋಡ್ ಬರೆಯುವವರಿಗೆ ಆ ಕಲಿಕೆಯ ಶ್ರಮ ಖಂಡಿತ ಫಲ ಕೊಡುತ್ತದೆ. ಆದರೆ ತಿಂಗಳಿಗೊಮ್ಮೆ ಸರ್ವರ್ ಮುಟ್ಟುವ ಶಾಲಾ ಶಿಕ್ಷಕರಿಗೋ ಸಣ್ಣ ಕಚೇರಿಯ ಸಿಬ್ಬಂದಿಗೋ ಅಷ್ಟನ್ನು ನೆನಪಿಟ್ಟುಕೊಳ್ಳಿ ಎನ್ನುವುದು ನ್ಯಾಯವಲ್ಲ.

ಕೊರತೆಗಳೂ ಇವೆ. ಹುಡುಕಾಟದ ಕೀಲಿ ಕಂಟ್ರೋಲ್ ಡಬ್ಲ್ಯು. ಬ್ರೌಸರಿನೊಳಗೆ ತೆರೆಯುವ ಕ್ಲೌಡ್ ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಅದನ್ನು ಒತ್ತಿದರೆ ಪದ ಹುಡುಕುವ ಬದಲು ಬ್ರೌಸರಿನ ಟ್ಯಾಬೇ ಮುಚ್ಚಿಹೋಗಬಹುದಾದ್ದರಿಂದ, ಅಂಥಲ್ಲಿ ಎಫ್6 ಬಳಸುವುದು ಕ್ಷೇಮ. 2019ರ 4.0 ಆವೃತ್ತಿಗೆ ಮುಂಚಿನ ನ್ಯಾನೋದಲ್ಲಿ ಉದ್ದನೆಯ ಸಾಲಿನಲ್ಲಿ ಟೈಪ್ ಮಾಡುತ್ತಿದ್ದಂತೆ ಅದು ತಾನಾಗಿಯೇ ಎರಡಾಗಿ ಒಡೆಯುತ್ತಿತ್ತು, ಕಾನ್ಫಿಗರೇಶನ್ ಫೈಲುಗಳಿಗೆ ಇದು ಅಪಾಯಕರ. ಹಳೆಯ ಸರ್ವರುಗಳಲ್ಲಿ ಸಾಲು ಒಡೆಯದಂತೆ ತಡೆಯುವ -w ಆಯ್ಕೆಯೊಂದಿಗೇ ತೆರೆಯಬೇಕು. ಕನ್ನಡ ಪಠ್ಯವನ್ನು ನ್ಯಾನೋ ಸರಿಯಾಗಿಯೇ ಉಳಿಸಿದರೂ, ಒತ್ತಕ್ಷರಗಳನ್ನು ಅನೇಕ ಟರ್ಮಿನಲ್‌ಗಳು ಬಿಡಿಬಿಡಿಯಾಗಿ ತೋರಿಸುವುದರಿಂದ ಕರ್ಸರ್ ಯಾವ ಅಕ್ಷರದ ಮೇಲಿದೆಯೆಂದು ತಿಳಿಯುವುದು ಕಷ್ಟ. ದೀರ್ಘ ಕನ್ನಡ ಬರಹಕ್ಕೆ ನಾನಂತೂ ಇದನ್ನು ಶಿಫಾರಸು ಮಾಡಲಾರೆ.

ಹೋಮ್ ಡೈರೆಕ್ಟರಿಯಲ್ಲಿ ನ್ಯಾನೋಆರ್‌ಸಿ (.nanorc) ಎಂಬ ಅಡಗುಫೈಲನ್ನು ರಚಿಸಿಕೊಂಡು ಅದರಲ್ಲಿ ಸಾಲುಸಂಖ್ಯೆ ಹಾಗೂ ಬ್ಯಾಕಪ್ ಎರಡನ್ನೂ ಚಾಲೂ ಮಾಡಿಕೊಂಡರೆ ಒಳ್ಳೆಯದು. ದೋಷಸಂದೇಶದಲ್ಲಿ 48ನೇ ಸಾಲೆಂದಿದ್ದರೆ ನೇರವಾಗಿ ಅಲ್ಲಿಗೇ ಹೋಗಬಹುದು; ಉಳಿಸುವಾಗ ಹಿಂದಿನ ಪ್ರತಿಯು ಹೆಸರಿನ ಕೊನೆಗೆ ಟಿಲ್ಡೆ (~) ಸೇರಿಸಿಕೊಂಡು ಅದೇ ಡೈರೆಕ್ಟರಿಯಲ್ಲಿ ಉಳಿಯುತ್ತದೆ.