ಹರಾಜಿನ ಹಳೇ ಟಾಟಾ 407: ಎಂಜಿನ್ ಕೊನೆಗೆ, ಮೊದಲು ಆರ್‌ಸಿ ನೋಡಿ

ವರ್ಷಗಟ್ಟಲೆ ನಿಂತು ಗಿಡ ಹಬ್ಬಿಸಿಕೊಂಡ ಟಾಟಾ 407 ಮಿನಿ ಲಾರಿ ಹರಾಜಿಗೆ ಬಂದರೆ ತಗೊಳ್ಳಬಹುದಾ? ತಗೊಳ್ಳಬಹುದು. ಆದರೆ ಯಾರ್ಡಿಗೆ ಹೋದವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ, ಎಡವುವುದೇ ಅಲ್ಲಿ. ಕಾಗದ, ಚಾಸಿ, ಎಂಜಿನ್, ಈ ಸಾಲಿನಲ್ಲೇ ನೋಡಬೇಕು. ಜಾಮ್ ಆದ ಎಂಜಿನ್ ಬಿಡಿಸಬಹುದು, ರದ್ದಾದ ಆರ್‌ಸಿಗೆ ಯಾವ ಮೇಸ್ತ್ರಿಯೂ ಇಲ್ಲ.

ರಿಪೇರಿಗೆ 407ಕ್ಕಿಂತ ಒಳ್ಳೆ ಗಾಡಿ ಸಿಗುವುದು ಕಷ್ಟ. 1986ರಲ್ಲಿ ಬಂದದ್ದು, ಈಗಲೂ ಅದೇ ಹೆಸರಲ್ಲಿ ಮಾರಾಟವಾಗುತ್ತಿದೆ. ಹಳೆಯವುಗಳಲ್ಲಿ ಇರುವುದು 497 ಎಂಜಿನ್: ನಾಲ್ಕು ಸಿಲಿಂಡರ್, 97 ಎಂಎಂ ಬೋರ್, 2956 ಸಿಸಿ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಲ್ಲಿ ಇದರ ಸಾಮಾನು ಹುಡುಕಬೇಕಾಗಿಲ್ಲ. ಕ್ಯಾಬಿನ್ ಬಾಗಿಲು, ಬಾನೆಟ್ ಬೇಕಾದರೆ ಶಿವಾಜಿನಗರದ ಗುಜರಿ.

ಸರ್ಕಾರಿ ಇಲಾಖೆಗಳ ಗಾಡಿಗಳು ಬರುವುದು ಹೆಚ್ಚಾಗಿ ಕೇಂದ್ರ ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ. ನೋಂದಣಿ ಮಾಡಿಸಿ, ಠೇವಣಿ ಕಟ್ಟಿ ಕೂಗಬೇಕು. ವ್ಯವಸ್ಥೆ ಪಾರದರ್ಶಕ, ಅದರಲ್ಲಿ ತಕರಾರಿಲ್ಲ. ಆದರೆ ಕ್ಯಾಟಲಾಗಿನ ಒಂದೆರಡು ಫೋಟೊ ನಂಬಿ ಕೂಗುವುದು ಹುಚ್ಚುತನ. ಮಾಲು ಇದ್ದಲ್ಲಿ ಇದ್ದಂತೆ, ಆಮೇಲೆ ದೂರು ಕೇಳುವವರಿಲ್ಲ. ಲಾಟ್ 'ಅನುಮೋದನೆಗೆ ಒಳಪಟ್ಟು' ಎಂದಿದ್ದರೆ ಹೆಚ್ಚು ಕೂಗಿದರೂ ಮಾರುವವರು ಬೇಡ ಅನ್ನಬಹುದು. ಕೂಗಿದ ಬೆಲೆಯ ಮೇಲೆ ತೆರಿಗೆ, ಸಾಗಣೆ ಖರ್ಚು ಇದ್ದೇ ಇರುತ್ತದೆ. ಗಡುವಿನೊಳಗೆ ಎತ್ತದಿದ್ದರೆ ನೆಲಬಾಡಿಗೆ ಬೇರೆ.

ಇಲ್ಲಿ ದೊಡ್ಡ ಗುಂಡಿಯೊಂದಿದೆ. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಗಳಿಗೇ ಹೋಗಬೇಕು. ಹಾಗಾಗಿ 2005ರ ಸರ್ಕಾರಿ 407 ಎಷ್ಟೇ ಗಟ್ಟಿಯಾಗಿದ್ದರೂ ರಸ್ತೆಗಿಳಿಸುವ ಆಸೆ ಬಿಡಿ. ಹಳೇ ಗಾಡಿಯೇ ಬೇಕೆಂದರೆ ಬ್ಯಾಂಕ್, ಫೈನಾನ್ಸ್ ಜಪ್ತಿ ಮಾಡಿದ ಖಾಸಗಿ ಗಾಡಿಗಳ ಯಾರ್ಡ್ ನೋಡಿ. ಅಲ್ಲಿ ಸಾಲ ತೀರಿದ್ದಕ್ಕೆ ಫಾರಂ 35, ಆರ್‌ಸಿ ಫೈನಾನ್ಸ್ ಹೆಸರಿಗೆ ಬಂದಿದ್ದರೆ ಫಾರಂ 36ರ ದಾಖಲೆ, ಹೊರರಾಜ್ಯದ ಗಾಡಿಗೆ ಫಾರಂ 28ರ ಎನ್‌ಒಸಿ ಕೇಳಿ. ಸಾರ್ವಜನಿಕ ಹರಾಜಿನಲ್ಲಿ ಕೊಂಡದ್ದಕ್ಕೆ ವರ್ಗಾವಣೆ ಅರ್ಜಿ ಫಾರಂ 32. ಕೂಗುವ ಮುಂಚೆಯೇ ಕೇಂದ್ರ ಸರ್ಕಾರದ ವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ತೆರಿಗೆ ಬಾಕಿ, ಎಫ್‌ಸಿ (ಫಿಟ್‌ನೆಸ್ ಪತ್ರ), ಬ್ಲ್ಯಾಕ್‌ಲಿಸ್ಟ್ ನೋಡಿಕೊಳ್ಳಿ.

ಯಾರ್ಡಿನಲ್ಲಿ ಚಾಸಿ ನಂಬರನ್ನು ವೈರ್ ಬ್ರಷ್‌ನಿಂದ ಉಜ್ಜಿ ಆರ್‌ಸಿ ಜೊತೆ ತಾಳೆ ನೋಡಿ. ಸ್ಪ್ರಿಂಗ್ ಬ್ರಾಕೆಟ್ ರಿವಿಟ್‌ಗಳ ಸುತ್ತ ಬಿರುಕು, ಹಳೇ ವೆಲ್ಡಿಂಗ್ ಇದ್ದರೆ ಲೋಡು ಮೀರಿ ದುಡಿದ ಗಾಡಿ ಅಂತಲೇ ಅರ್ಥ. ಕ್ಯಾಬಿನ್‌ನಲ್ಲಿ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ತುಕ್ಕು ನೋಡಿ: ಗ್ಲಾಸ್ ರಬ್ಬರಿನಿಂದ ಸೋರಿದ ನೀರು ನಿಲ್ಲುವುದು ಅಲ್ಲೇ. ಮುಂದಿನ ಚಕ್ರ ಜಾಕ್ ಏರಿಸಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬ್ರೇಕ್ ಒತ್ತಿ ಹಿಡಿದಾಗ ಪ್ಲೇ (ಅಲುಗಾಟ) ಮಾಯವಾದರೆ ಸವೆದದ್ದು ಬೇರಿಂಗ್, ಉಳಿದರೆ ಚಕ್ರ ತಿರುಗುವ ಕೀಲಾದ ಕಿಂಗ್ ಪಿನ್. ಬ್ರೇಕೇ ಹಿಡಿಯದಿದ್ದರೆ ಈ ಪರೀಕ್ಷೆಯನ್ನು ಮನೆಗೆ ತಂದ ಮೇಲೆ ಮಾಡಬೇಕು.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಕಾಫಿ ಬಣ್ಣಕ್ಕಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಖರ್ಚು ಹಿಡಿದೇ ಕೂಗಿ. ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಮೇಲೆ ಅನುಮಾನ.

ಎಂಜಿನ್ ಎಬ್ಬಿಸಲು ಎಳೆದು ಗೇರಿಗೆ ಹಾಕುವುದು ಬೇಡ. ಒಂದು ಸಿಲಿಂಡರಿನಲ್ಲಿ ನೀರು ನಿಂತಿದ್ದರೂ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಲ್ಕೂ ಇಂಜೆಕ್ಟರ್ ಬಿಚ್ಚಿ, ಡೀಸೆಲ್ ಮತ್ತು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸಮ ಬೆರೆಸಿ ಪ್ರತಿ ಸಿಲಿಂಡರಿಗೆ 30–40 ಮಿಲಿ ಸುರಿದು ಎರಡು ಮೂರು ದಿನ ಬಿಡಿ. ನಂತರ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ ಆಚೆ ಈಚೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ. ಹಿಂದಕ್ಕೆ ತಿರುಗಿಸುವಾಗ ಬೋಲ್ಟ್ ಸಡಿಲವಾಗದಂತೆ ನಿಗಾ ಇರಲಿ. ಎರಡು ಪೂರ್ತಿ ಸುತ್ತು ಸಲೀಸಾಗಿ ಬಂದ ಮೇಲಷ್ಟೇ ಸೆಲ್ಫ್. ಸುರಿದದ್ದು ಎಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿದಿರುತ್ತದೆ, ಆಯಿಲ್ ಬದಲಿಸಿ. ಇಂಜೆಕ್ಟರ್‌ಗೆ ಹೊಸ ತಾಮ್ರದ ವಾಷರ್ ಹಾಕಿ.

ಇನ್‌ಲೈನ್ ಡೀಸೆಲ್ ಪಂಪ್ ಇದ್ದರೆ ಅದರ ರ್ಯಾಕ್ (ಡೀಸೆಲ್ ಹೆಚ್ಚು ಕಡಿಮೆ ಮಾಡುವ ಸರಳು) ಸಲೀಸಾಗಿ ಜಾರುತ್ತದೆಯೇ, ಸ್ಟಾಪ್ ಲಿವರ್ ಎಳೆದು ಬಿಟ್ಟಾಗ ವಾಪಸ್ ಬರುತ್ತದೆಯೇ ನೋಡದೆ ಸ್ಟಾರ್ಟ್ ಮಾಡಬೇಡಿ. ತುಕ್ಕಿಗೆ ರ್ಯಾಕ್ ಪೂರ್ತಿ ಡೀಸೆಲ್ ಕಡೆಗೆ ಅಂಟಿಕೊಂಡಿದ್ದರೆ ಎಂಜಿನ್ ಹುಚ್ಚೆದ್ದು ಓಡುತ್ತದೆ, ಕೀ ತಿರುಗಿಸಿದರೆ ನಿಲ್ಲದು. ಏರ್ ಇನ್‌ಟೇಕ್ ಮುಚ್ಚಲು ಒಂದು ಮರದ ಹಲಗೆ ಕೈಯಲ್ಲಿರಲಿ, ಅಂಗೈ ಇಡಬೇಡಿ.

ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಬದಲಿಸಿ, ಪೈಪಿನಲ್ಲಿ ಸಿಕ್ಕ ಏರ್ ತೆಗೆದರೆ ಇಂಧನದ ಕೆಲಸ ಮುಗಿಯಿತು. ವೈರಿಂಗ್ ಇಲಿ ಕಡಿದಿದ್ದರೆ ತೇಪೆ ಹಾಕದೆ ಇಡೀ ಹೊಸ ಸೆಟ್ಟೇ ಹಾಕಿಸಿ.

ಬ್ರೇಕ್‌ನಲ್ಲಿ ಮಾತ್ರ ಜಿಪುಣತನ ಬೇಡ: ಮಾಸ್ಟರ್ ಸಿಲಿಂಡರ್, ಎಲ್ಲ ವೀಲ್ ಸಿಲಿಂಡರ್ ಕಿಟ್, ರಬ್ಬರ್ ಹೋಸ್‌ಗಳು ಹೊಸದೇ. ಭಾಗಗಳನ್ನು ಡೀಸೆಲ್‌ನಲ್ಲಿ ತೊಳೆಯುವ ಅಭ್ಯಾಸ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಅದರಿಂದ ಕಪ್ ರಬ್ಬರ್ ಉಬ್ಬಿ, ಒತ್ತಿದ ಬ್ರೇಕ್ ಬಿಡುವುದಿಲ್ಲ. ಬ್ರೇಕ್ ಫ್ಲೂಯಿಡ್‌ನಲ್ಲೇ ತೊಳೆಸಿ. ಇದೆಲ್ಲ ಆಗುವವರೆಗೆ ಗಾಡಿ ಎಲ್ಲಿಗೆ ಸಾಗಿಸಿದರೂ ಹಗ್ಗ ಕಟ್ಟಿ ಎಳೆಯಬೇಡಿ, ಇನ್ನೊಂದು ಲಾರಿಯ ಮೇಲೇ ಹೇರಿ.