1972ರ ಫೆಂಡರ್ ಪ್ರಿಸಿಷನ್ ಬೇಸ್: ಒಂಬತ್ತು ವರ್ಷ ನುಡಿಸಿದ ಮೇಲೆ

2016ರ ಅಕ್ಟೋಬರ್‌ನಲ್ಲಿ ಈ ಬೇಸ್ ಗಿಟಾರ್, ಅಂದರೆ ತಗ್ಗು ಸ್ವರದ ನಾಲ್ಕು ತಂತಿಯ ಗಿಟಾರ್, ನನ್ನ ಕೈಗೆ ಬಂತು. ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್‌ನಿಂದ ಅರ್ಧ ಗಂಟೆ ದೂರ. ಕೆಲಸ ಕಾರಿನ ಬಿಡಿಭಾಗ ಮಾಡುವ ಕಡೆ. ವಾರಕ್ಕೆ ಮೂರು ನಾಲ್ಕು ದಿನ ತಪ್ಪದೆ ನುಡಿಸುತ್ತೇನೆ. ವರ್ಷಕ್ಕೆ ಆರೇಳು ಕಾರ್ಯಕ್ರಮ ಇರುತ್ತವೆ. ಅಷ್ಟು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಹಳೆ ಬೇಸೇ ಬೇಕು ಅನ್ನೋದು ತಲೆಗೆ ಹೊಕ್ಕಿದ್ದು ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಯ ಮ್ಯೂಸಿಯಂ ನೋಡಿದ ದಿನ. ಡೆಟ್ರಾಯ್ಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿರುವ ಅದು ಹೊರಗಿನಿಂದ ಮಾಮೂಲಿ ಮನೆ. ಒಳಗೆ ಸ್ಟುಡಿಯೋ ಎ. ಸಣ್ಣ ಕೋಣೆ, ಸವೆದ ನೆಲ. ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಇಲ್ಲೇ ಕೂತು 1962ರ ಪ್ರಿಸಿಷನ್ ಬೇಸ್ ನುಡಿಸುತ್ತಿದ್ದರು, ಬಲಗೈಯ ತೋರುಬೆರಳು ಒಂದರಲ್ಲೇ. ಆ ಕೋಣೆಯಲ್ಲಿ ನಿಂತಾಗ ನನಗೆ ಮೈ ಜುಮ್ ಅಂದಿತ್ತು. 1972ರಲ್ಲಿ ಮೋಟೌನ್ ಕಂಪನಿ ಊರು ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಯಿತು. ನನ್ನ ಬೇಸ್ ತಯಾರಾದದ್ದೂ ಅದೇ ವರ್ಷ.

ಗೊತ್ತಿಲ್ಲದವರಿಗೆ ಒಂದು ಮಾತು. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದರು. ಅದಕ್ಕೆ ಮೊದಲು ಬೇಸ್ ಅಂದರೆ ಆಳೆತ್ತರದ ನಿಲುವು ಬೇಸ್, ಅದಕ್ಕೆ ಫ್ರೆಟ್, ಅಂದರೆ ಸ್ವರದ ಜಾಗ ತೋರಿಸುವ ಅಡ್ಡ ಲೋಹದ ಪಟ್ಟಿ, ಇಲ್ಲ. ಇದಕ್ಕೆ ಫ್ರೆಟ್ ಇದ್ದದ್ದರಿಂದ ಸ್ವರ ಕರಾರುವಾಕ್ಕಾಗಿ ಸಿಗುತ್ತಿತ್ತು, ಹೆಸರೂ ಅದರಿಂದಲೇ ಬಂತು. 1965ರ ಜನವರಿಯಲ್ಲಿ ಫೆಂಡರ್ ಕಂಪನಿಯನ್ನು ಸಿಬಿಎಸ್ ಅನ್ನುವ ರೇಡಿಯೋ-ಟಿವಿ ಕಂಪನಿ 1 ಕೋಟಿ 30 ಲಕ್ಷ ಡಾಲರ್‌ಗೆ ಕೊಂಡಿತು. ಅಲ್ಲಿಂದಾಚೆಗಿನ ವಾದ್ಯಗಳು ಕಳಪೆ ಅಂತ ಸಂಗ್ರಹ ಮಾಡುವವರು ಹೇಳುತ್ತಾರೆ. ನನ್ನ ಅನುಭವ ಬೇರೆ. 70ರ ದಶಕದ ಹತ್ತು ಬೇಸ್ ಕೈಯಲ್ಲಿ ಹಿಡಿದು ನೋಡಿದರೆ ಎರಡು ಮೂರು ತುಂಬಾ ಚೆನ್ನಾಗಿರುತ್ತವೆ. ಹುಡುಕುವ ತಾಳ್ಮೆ ಬೇಕು, ಅಷ್ಟೇ.

ನಾನು ಹುಡುಕಿದ್ದು ಎಂಟು ತಿಂಗಳು. ಕೊನೆಗೆ ಒಂದು ಹಳೆ ವಾದ್ಯಗಳ ಅಂಗಡಿಯಲ್ಲಿ ಇದು ಕಣ್ಣಿಗೆ ಬಿತ್ತು. ಕಪ್ಪು ಕೇಸು, ಒಳಗೆ ಕಿತ್ತಳೆ ಬಣ್ಣದ ಮೆತ್ತೆ. ಬೇಸಿನ ಬಾಡಿಗೆ ಬಣ್ಣವೇ ಇಲ್ಲ, ಬರೀ ಮರ, ಮೇಲೆ ವಾರ್ನಿಷ್. ಕಾರ್ಖಾನೆಯಿಂದಲೇ ಹೀಗೆ ಬಂದಿದ್ದು, ಎಲ್ಲ ಒರಿಜಿನಲ್ ಅಂದರು. ಬೆಲೆ 2,800 ಡಾಲರ್. ನೆಕ್, ಅಂದರೆ ಉದ್ದನೆಯ ಹಿಡಿ, ಬಿಚ್ಚಿ ತೋರಿಸಿ ಅಂದೆ, ಒಪ್ಪಲಿಲ್ಲ. ಬಾಡಿಯ ಮೇಲೆ ಮುಚ್ಚಿರುವ ಹಾಳೆ, ಪಿಕ್‌ಗಾರ್ಡ್, ಅದನ್ನು ಮಾತ್ರ ಎತ್ತಿ ತೋರಿಸಿದರು. ಅಲ್ಲಿ ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳ (ತಿರುಗಿಸುವ ಗುಂಡಿಯ ಕೆಳಗಿರುವ ಭಾಗ) ಬೆನ್ನಿನ ಮೇಲೆ ಅಂಕಿಗಳಿದ್ದವು. ಈ ಅಂಕಿ ಓದೋದು ಸುಲಭ. ಮೊದಲ ಮೂರು ಅಂಕಿ ತಯಾರಕರದ್ದು, 137 ಅಂದರೆ ಸಿಟಿಎಸ್ ಕಂಪನಿ. ನಂತರದ ಎರಡು ಅಂಕಿ ವರ್ಷ, ಕೊನೆಯ ಎರಡು ಅಂಕಿ ವಾರ. ವಾಲ್ಯೂಮ್ ಪಾಟ್ 1972ರದು. ಟೋನ್ ಪಾಟ್ ಮೇಲೆ 1378114, ಅಂದರೆ 1981ರ 14ನೇ ವಾರ. ಯಾರೋ ಬದಲಾಯಿಸಿದ್ದಾರೆ ಅಂತ ಅಲ್ಲೇ ಗೊತ್ತಾಯಿತು. ಪಾಟ್ ಒಂದನ್ನೇ ನಂಬಿ ವರ್ಷ ಹೇಳೋದೂ ತಪ್ಪು. 1966ರಲ್ಲಿ ಫೆಂಡರ್‌ನವರು ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡಿಟ್ಟಿದ್ದರು. ಹಾಗಾಗಿ 1969ರ ಗಿಟಾರಿನಲ್ಲೂ 66ರ ಪಾಟ್ ಸಿಗುತ್ತದೆ. ನೆಕ್ ಹಿಂದಿನ ತಗಡಿನ ಸೀರಿಯಲ್ ನಂಬರ್ ಕೂಡ ಹಾಗೇ. ತಗಡುಗಳನ್ನು ಡಬ್ಬದಿಂದ ಕೈಗೆ ಸಿಕ್ಕ ಹಾಗೆ ತೆಗೆದು ಹಾಕುತ್ತಿದ್ದರು. ಒಂದೆರಡು ವರ್ಷ ಆಚೀಚೆ ಆಗೇ ಆಗುತ್ತದೆ.

ಸದ್ದು ಕೇಳಿದ ಮೇಲೆ ಮನಸ್ಸು ತಡೆಯಲಿಲ್ಲ. ಕೊಂಡುಬಿಟ್ಟೆ.

ಮೊದಲ ಚಳಿಗಾಲದಲ್ಲೇ ತೊಂದರೆ ಶುರುವಾಯಿತು. ಇಲ್ಲಿ ಜನವರಿಯಲ್ಲಿ ಹೊರಗೆ ಹಿಮ, ಮನೆಯೊಳಗೆ ಹಗಲು ರಾತ್ರಿ ಹೀಟರ್. ಗಾಳಿ ಒಣಗಿ ಮರ ಬಿಗಿಯುತ್ತದೆ. ನೆಕ್ ಹಿಂದಕ್ಕೆ ಬಾಗಿ ತಂತಿಗಳು ಫ್ರೆಟ್‌ಗೆ ತಾಗಿ ಝರ್ ಅನ್ನತೊಡಗಿದವು. ನೆಕ್ ಒಳಗೆ ಟ್ರಸ್ ರಾಡ್ ಅಂತ ಕಬ್ಬಿಣದ ಸರಳಿರುತ್ತದೆ. ಅದನ್ನು ಸ್ವಲ್ಪ ಸಡಿಲ ಮಾಡಬೇಕು. ಆದರೆ ಈ ಬೇಸ್‌ನಲ್ಲಿ ಅದರ ತಿರುಪು ಇರೋದು ನೆಕ್‌ನ ಬುಡದಲ್ಲಿ, ಬಾಡಿಯೊಳಗೆ ಸೇರಿಕೊಂಡಿರುವ ಜಾಗದಲ್ಲಿ. ಕಾಲು ಸುತ್ತು ತಿರುಗಿಸಬೇಕಾದರೂ ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಹೊರಗೆ ತೆಗೆಯಬೇಕು. ಒಂಬತ್ತು ವರ್ಷದಲ್ಲಿ ಈ ಕೆಲಸ ಕಡಿಮೆ ಅಂದರೂ ಇಪ್ಪತ್ತು ಸಲ ಮಾಡಿದ್ದೇನೆ. ಹಳೆ ಫೆಂಡರ್ ಬೇಸ್ ಕೊಳ್ಳುವವರು ಇದಕ್ಕೆ ತಯಾರಿರಬೇಕು.

ಆವತ್ತು ಮೊದಲ ಸಲ ನೆಕ್ ತೆಗೆದೆ. ಬುಡದಲ್ಲಿ ಮುದ್ರೆ ಸ್ಪಷ್ಟವಾಗಿತ್ತು: ಮೇ 72, ಪಕ್ಕದಲ್ಲಿ ಬಿ ಅಕ್ಷರ. ಬಿ ಅಂದರೆ ನೆಕ್‌ನ ತುದಿಯ ಅಗಲ ಒಂದೂ ಐದೆಂಟಾಂಶ ಇಂಚು, ಸುಮಾರು 41 ಮಿಲಿಮೀಟರ್. ವರ್ಷ ಖಚಿತವಾಯಿತು, ಖುಷಿಯಾಯಿತು. ಮರುಕ್ಷಣ ನೆಕ್ ಕೂರುವ ಗೂಡಿನತ್ತ ನೋಡಿದೆ. ಅದರ ಅಂಚಿನಲ್ಲಿ ಹಳದಿ, ಅದರ ಹೊರಗೆ ಕೆಂಪು, ತುದಿಯಲ್ಲಿ ಕಪ್ಪು. ಸನ್‌ಬರ್ಸ್ಟ್! ಈ ಬಾಡಿ ಹುಟ್ಟಿದಾಗ ಬರೀ ಮರದ ಬಣ್ಣದ್ದಾಗಿರಲಿಲ್ಲ. ಮೇಲಿನ ಬಣ್ಣವನ್ನೆಲ್ಲ ಯಾರೋ ಉಜ್ಜಿ ತೆಗೆದಿದ್ದಾರೆ. ನಾನು ಅಂಗಡಿಯಲ್ಲೇ ಅನುಮಾನ ಪಡಬೇಕಿತ್ತು. ಆ ಕಾಲದಲ್ಲಿ ಕಾರ್ಖಾನೆಯಿಂದ ಮರದ ಬಣ್ಣದಲ್ಲೇ ಬರುತ್ತಿದ್ದವು ಆಶ್ ಮರದವು, ಎದ್ದು ಕಾಣುವ ಗೆರೆಗಳಿರುವವು. ಇದು ಆಲ್ಡರ್, ಗೆರೆ ಅಷ್ಟಾಗಿ ಕಾಣಲ್ಲ. ಬಣ್ಣ ಬದಲಾದ ಹಳೆ ವಾದ್ಯದ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಫೋಟೋ ತೆಗೆದುಕೊಂಡು ಅಂಗಡಿಗೆ ಹೋದೆ. ಮೂರು ಸಲ ಓಡಾಡಿಸಿ 500 ಡಾಲರ್ ವಾಪಸ್ ಕೊಟ್ಟರು. ವಾದ್ಯವನ್ನೇ ವಾಪಸ್ ತಗೋತೀವಿ ಅಂತಲೂ ಅಂದರು. ಅಷ್ಟರಲ್ಲಿ ನನಗೆ ಕೊಡುವ ಮನಸ್ಸು ಹೋಗಿತ್ತು.

ಯಾಕೆ ಅಂದರೆ ಗೂಡಿನಲ್ಲಿ ಇನ್ನೊಂದು ವಸ್ತು ಇತ್ತು. ನೆಕ್‌ನ ಕೋನ ಸರಿ ಹೋಗಲಿ ಅಂತ ಕೆಳಗೆ ತೆಳ್ಳನೆಯ ತುಂಡು ಇಡುವುದುಂಟು. ಇಲ್ಲಿಟ್ಟದ್ದು ನಾಲ್ಕು ಮಡಿಕೆ ಮಾಡಿದ ಕಾಗದ. ಒತ್ತಿ ಒತ್ತಿ ರಟ್ಟಿನ ಹಾಗಾಗಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಚರ್ಚಿನ ಕಾಣಿಕೆ ಲಕೋಟೆ. ಭಾನುವಾರದ ತಾರೀಖು ಅಚ್ಚಾಗಿತ್ತು, 1981ರ ಜೂನ್. ಚರ್ಚಿನ ಹೆಸರು ಅರ್ಧ ಅಳಿಸಿತ್ತು, ಬೀದಿಯ ಹೆಸರು ಉಳಿದಿತ್ತು. 1981ರ ಟೋನ್ ಪಾಟ್ ನೆನಪಾಯಿತು. ಆ ಬೇಸಿಗೆಯಲ್ಲಿ ಯಾರೋ ಈ ಬೇಸನ್ನು ಮೇಜಿನ ಮೇಲೆ ಮಲಗಿಸಿ, ಬಿಚ್ಚಿ, ರಿಪೇರಿ ಮಾಡಿದ್ದಾರೆ. ಜೇಬಿನಲ್ಲಿದ್ದ ಲಕೋಟೆಯನ್ನೇ ಮಡಚಿ ಇಟ್ಟಿದ್ದಾರೆ.

ಚರ್ಚು ಡೆಟ್ರಾಯ್ಟ್‌ನ ಪಶ್ಚಿಮ ಭಾಗದಲ್ಲಿ ಇನ್ನೂ ಇದೆ. ಫೋನ್ ಮಾಡಿ ವಿಷಯ ಹೇಳಿದೆ. ಎರಡು ತಿಂಗಳು ಸುದ್ದಿಯಿಲ್ಲ. ಆಮೇಲೆ ಒಬ್ಬ ಹಿರಿಯ ಹೆಂಗಸು ವಾಪಸ್ ಫೋನ್ ಮಾಡಿದರು. ಬೇಸ್ ನುಡಿಸುತ್ತಿದ್ದವರು ತಮ್ಮ ತಂದೆ ಇರಬಹುದು, ತಗೊಂಡು ಬಾ, ನೋಡಿದರೆ ಹೇಳುತ್ತೇನೆ ಅಂದರು. ಏಪ್ರಿಲ್‌ನ ಒಂದು ಶನಿವಾರ ಹೋದೆ. ಅವರು ಕೇಸು ತೆಗೆದವರೇ ಬಾಡಿಯನ್ನು ನೋಡಲೇ ಇಲ್ಲ. ನೆಕ್‌ನ ತುದಿ ಹಿಡಿದು ತಿರುಗಿಸಿ ನೋಡಿದರು. ಅಲ್ಲಿ ಸಿಗರೇಟು ಸುಟ್ಟ ಕಪ್ಪು ಗುರುತಿದೆ, ಕಡಲೆಕಾಳಿನಷ್ಟು. ಅದರ ಮೇಲೆ ಹೆಬ್ಬೆರಳಿಟ್ಟು, "ಇದು ಶನಿವಾರ ರಾತ್ರಿಯದು, ಭಾನುವಾರದ್ದಲ್ಲ" ಅಂದರು. ಕಣ್ಣು ತುಂಬಿತ್ತು.

ಅವರ ತಂದೆ ಕಾರು ಕಾರ್ಖಾನೆಯ ಫೌಂಡ್ರಿಯಲ್ಲಿದ್ದರು. ಬೇಸನ್ನು ಕಂತಿನಲ್ಲಿ ಹೊಸದಾಗಿಯೇ ಕೊಂಡಿದ್ದರಂತೆ. ವಾರವಿಡೀ ಫೌಂಡ್ರಿ, ಶನಿವಾರ ಕ್ಲಬ್ಬು, ಭಾನುವಾರ ಬೆಳಿಗ್ಗೆ ಚರ್ಚು. 70ರ ದಶಕದ ಕೊನೆಗೆ ಎಲ್ಲರೂ ಮರದ ಬಣ್ಣದ ವಾದ್ಯ ಬೇಕು ಅಂದಾಗ ಇವರೂ ಗ್ಯಾರೇಜಿನಲ್ಲಿ ಕೂತು ಬಣ್ಣ ಉಜ್ಜಿದರು. ಎರಡು ವಾರ ಮನೆ ತುಂಬ ಧೂಳು, ಅಮ್ಮ ಬೈದದ್ದು ಇನ್ನೂ ನೆನಪಿದೆ ಅಂದರು. ತಂದೆ 2014ರಲ್ಲಿ ತೀರಿಕೊಂಡರು. ಮನೆ ಖಾಲಿ ಮಾಡುವಾಗ ತನ್ನ ತಮ್ಮ ಬೇಸನ್ನೂ ಮಾರಿಬಿಟ್ಟ, ತನಗೆ ಗೊತ್ತಾದದ್ದು ಆಮೇಲೆ ಅಂದರು. ನಾನು ಬೇಸನ್ನು ಅವರಿಗೇ ಕೊಡಲು ಸಿದ್ಧನಾಗಿದ್ದೆ. ಬೇಡ ಅಂದರು. "ಮನೆಯಲ್ಲಿ ಯಾರೂ ನುಡಿಸಲ್ಲ. ನೀನು ನುಡಿಸು. ಈಗ ಒಂದಿಷ್ಟು ನುಡಿಸು" ಅಂದರು. ಚರ್ಚಿನ ಸಣ್ಣ ಆಂಪ್‌ಗೆ ಹಾಕಿ ನುಡಿಸಿದೆ. ಕೈ ನಡುಗುತ್ತಿತ್ತು.

ಇನ್ನು ಬಳಕೆಯ ವಿಷಯ. ತೂಕ 4.2 ಕೆಜಿ, ಎರಡು ಗಂಟೆ ನಿಂತು ನುಡಿಸಿದರೆ ಎಡ ಭುಜ ನೋಯುತ್ತದೆ. ಅಗಲದ ಪಟ್ಟಿ ಹಾಕಿದ ಮೇಲೆ ಪರವಾಗಿಲ್ಲ. ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು ತುಂಡಿನದು, ಒಂದು ಎರಡು ದಪ್ಪ ತಂತಿಗೆ, ಇನ್ನೊಂದು ಎರಡು ತೆಳು ತಂತಿಗೆ. 1957ರಿಂದ ಇದೇ ವಿನ್ಯಾಸ. ಎರಡೂ ಸೇರಿ ಕರೆಂಟಿನ ಗುಂಯ್ ಅನ್ನುವ ಸದ್ದನ್ನು ಕಳೆದುಬಿಡುತ್ತವೆ. ನಮ್ಮ ಕಾರ್ಯಕ್ರಮಗಳು ನಡೆಯುವ ಶಾಲೆಯ ಹಾಲ್‌ಗಳಲ್ಲಿ ಟ್ಯೂಬ್‌ಲೈಟ್ ಜಾಸ್ತಿ, ಅಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ತಂತಿ ಫ್ಲ್ಯಾಟ್‌ವೌಂಡ್, ಮೇಲ್ಮೈ ನುಣುಪಾದವು. ಒಂದೇ ಸೆಟ್ ಏಳು ವರ್ಷದಿಂದ ಇದೆ, ಹಳೆಯದಾದಷ್ಟೂ ಸದ್ದು ಇಂಪಾಗುತ್ತಿದೆ. ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಕೂಟದಲ್ಲಿ ಭಾವಗೀತೆ, ಹಳೆ ಚಿತ್ರಗೀತೆ ಹಾಡುತ್ತಾರೆ. ಜೊತೆಗೆ ತಬಲಾ ಇದ್ದರೆ ಬೇಸ್ ನುಡಿಸುವವರು ಹುಷಾರಾಗಿರಬೇಕು. ಡಗ್ಗಾದ ಗುಮಕಿಯ ಮೇಲೆ ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಬಿದ್ದರೆ ಎರಡೂ ಕೆಡುತ್ತವೆ. ನಾನು ಟೋನ್ ಅರ್ಧಕ್ಕೆ ಇಳಿಸಿ, ಸ್ವಲ್ಪ ಮೇಲಿನ ಸ್ವರಗಳಲ್ಲಿರುತ್ತೇನೆ. ಆಗ ಹಾಡಿನ ಕೆಳಗೆ ಮೆತ್ತಗೆ ಚಾಪೆ ಹಾಸಿದ ಹಾಗೆ ಕೂರುತ್ತದೆ. ನನ್ನ ಹೊಸ ಬೇಸ್‌ನಲ್ಲಿ ಎಷ್ಟು ಪ್ರಯತ್ನಿಸಿದರೂ ಇದು ಬರಲಿಲ್ಲ.

2018ರ ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಬೇಸನ್ನೂ ಒಯ್ದೆ. ನಮ್ಮದು ತೀರ್ಥಹಳ್ಳಿ ಕಡೆ. ಹೊರಡುವ ಮುಂಚೆ ಸ್ವಲ್ಪ ಹೆದರಿದ್ದೆ. ಇದರ ಫ್ರೆಟ್‌ಬೋರ್ಡ್, ಅಂದರೆ ನೆಕ್‌ನ ಮೇಲೆ ಬೆರಳು ಒತ್ತುವ ಹಲಗೆ, ರೋಸ್‌ವುಡ್‌ನದು. 2017ರ ಜನವರಿಯಿಂದ ರೋಸ್‌ವುಡ್ ಜಾತಿಯ ಮರಗಳ ಮೇಲೆಲ್ಲ ಅಂತರರಾಷ್ಟ್ರೀಯ ನಿರ್ಬಂಧ ಬಂದಿತ್ತು. ವ್ಯಾಪಾರಕ್ಕಲ್ಲದೆ ಒಯ್ಯುವ 10 ಕೆಜಿವರೆಗಿನ ಮರಕ್ಕೆ ವಿನಾಯಿತಿ ಇದೆ ಅಂತ ಓದಿ ಸಮಾಧಾನವಾಯಿತು. ಮುಂದೆ 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳ ಮೇಲಿನ ಆ ನಿರ್ಬಂಧವನ್ನೇ ತೆಗೆದರು, ಬ್ರೆಜಿಲ್ ರೋಸ್‌ವುಡ್‌ನವು ಬಿಟ್ಟು.

ಊರಿನಲ್ಲಿ ನಮ್ಮ ಮನೆಯ ಬಾಗಿಲು, ಮಂಚ ಮಾಡಿದ ಆಚಾರ್ರು ಬಂದಿದ್ದರು. ವಯಸ್ಸು ಎಂಬತ್ತರ ಹತ್ತಿರ. ಬೇಸ್ ನೋಡಿ ಮಡಿಲಿಗೆ ತಗೊಂಡರು. ತಂತಿ ಮುಟ್ಟಲಿಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿ ಫ್ರೆಟ್‌ಬೋರ್ಡಿನ ಕೊನೆಯಲ್ಲಿ ಒಂದು ಕಡೆ ಉಜ್ಜಿದರು. ಮಂಕಾಗಿದ್ದ ಕಂದು ಮರದಲ್ಲಿ ನೇರಳೆ ಗೆರೆ ಎದ್ದು ಬಂತು. "ಇದು ಬೀಟೆ ಅಲ್ವಾ ಮಾರಾಯ್ರೆ, ನಮ್ಮ ಬೀಟೆ" ಅಂದರು. ನಾನು ಒಂದು ನಿಮಿಷ ಮಾತಾಡಲಿಲ್ಲ. ಫೆಂಡರ್‌ನವರು ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು, 60ರ ದಶಕದ ನಡುವಿನಿಂದ ಭಾರತದ್ದಕ್ಕೆ ಬಂದರು ಅಂತ ಓದಿ ಗೊತ್ತಿತ್ತು. ಭಾರತದ ರೋಸ್‌ವುಡ್ ಅಂದರೆ ಪಶ್ಚಿಮಘಟ್ಟದ ಬೀಟೆ ಅಂತಲೂ ಗೊತ್ತಿತ್ತು. ಆದರೆ ಆ ಎರಡನ್ನೂ ನನ್ನ ತಲೆ ಯಾವತ್ತೂ ಜೋಡಿಸಿರಲಿಲ್ಲ. ಮೈಸೂರಿನ ಕುಸುರಿ ಕೆಲಸದ ಮರ ಅದೇ. ತೋಟದಲ್ಲಿ ತಾನಾಗಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕೊಡಲಿ ಹಾಕುವ ಹಾಗಿಲ್ಲದ ಮರ. ಅಜ್ಜನ ಮನೆಯ ಪೆಟ್ಟಿಗೆಯೂ ಅದರದ್ದೇ. ಫೌಂಡ್ರಿಯಲ್ಲಿ ದುಡಿದ ಕೈ ನಲವತ್ತು ವರ್ಷ ಉಜ್ಜಿ ಸವೆಸಿದ್ದು ಆ ಮರವನ್ನು. ಮೂರನೇ ಫ್ರೆಟ್‌ನ ಹತ್ತಿರ ಇ ತಂತಿಯ ಕೆಳಗೆ ಬೆರಳಿಟ್ಟು ನೋಡಿ, ಗುಳಿ ಸಿಗುತ್ತದೆ.

ಖರ್ಚಿನ ಲೆಕ್ಕ ಹೇಳುತ್ತೇನೆ. 2022ರಲ್ಲಿ ಫ್ರೆಟ್ ಪೂರ್ತಿ ಬದಲಾಯಿಸಿದೆ, 450 ಡಾಲರ್. ಆ ಗುಳಿಯನ್ನು ಮಟ್ಟ ಮಾಡಿ ಕೊಡುತ್ತೇನೆ ಅಂದರು, ಬೇಡ ಅಂದೆ. ಚಳಿಗಾಲದಲ್ಲಿ ಕೋಣೆಗೆ ತೇವ ಕೊಡುವ ಯಂತ್ರ ಇಟ್ಟು ತೇವಾಂಶ ಶೇಕಡ 45ರ ಹತ್ತಿರ ಇರಿಸಿದ ಮೇಲೆ ನೆಕ್ ಬಿಚ್ಚುವ ಕೆಲಸ ವರ್ಷಕ್ಕೆ ಎರಡು ಸಲಕ್ಕೆ ಇಳಿದಿದೆ. ಪಿಕಪ್ ಮುಟ್ಟಿಲ್ಲ. 1981ರ ಟೋನ್ ಪಾಟ್ ಈಚೆಗೆ ಕರಕರ ಅನ್ನುತ್ತದೆ, ಕ್ಲೀನರ್ ಹಾಕಿ ತಿರುಗಿಸಿದರೆ ಸರಿ ಹೋಗುತ್ತದೆ. ಅದನ್ನು ಬದಲಿಸಲ್ಲ. ಹೂಡಿಕೆಗೆ ಅಂತ ಕೊಳ್ಳುವವರು ಇಂಥದ್ದನ್ನು ಮುಟ್ಟಬೇಡಿ, ನೆಕ್ ಬಿಚ್ಚಿ ತೋರಿಸದ ಅಂಗಡಿಗೆ ಹೋಗಲೂ ಬೇಡಿ. ದಿನಾ ನುಡಿಸುವವರಾದರೆ ಬಣ್ಣ ಹೋದ ಬೇಸನ್ನೇ ಹುಡುಕಿ. ಕಡಿಮೆ ಬೆಲೆಗೆ ಸಿಗುತ್ತದೆ, ಚೆನ್ನಾಗಿ ನುಡಿಸಿದವರ ಕೈಯಿಂದ ಬಂದಿರುತ್ತದೆ.

ಬಾಡಿಯ ಮೇಲೆ ಎರಡು ಜೊತೆ ತೂತುಗಳಿವೆ. ಎಲ್ಲಕ್ಕಿಂತ ತೆಳ್ಳನೆಯ ಜಿ ತಂತಿಯ ಕೆಳಗಿನವು ಕಾರ್ಖಾನೆಯವು, 1974ರವರೆಗೆ ಬೆರಳು ಊರುವ ಚಿಕ್ಕ ಪಟ್ಟಿಯನ್ನು ಅಲ್ಲಿ ಕೂರಿಸುತ್ತಿದ್ದರು. ಇ ತಂತಿಯ ಮೇಲಿನವನ್ನು ಫೌಂಡ್ರಿಯ ಆ ಹಿರಿಯರೇ ಕೊರೆದದ್ದು, ಹೆಬ್ಬೆರಳು ಇಡೋಕೆ. ಪಟ್ಟಿ ಮಾತ್ರ ಇರಲಿಲ್ಲ. ಕಳೆದ ತಿಂಗಳು ಅವರ ಮಗಳಿಂದ ಪುಟ್ಟ ಪಾರ್ಸೆಲ್ ಬಂತು. ಅಪ್ಪನ ಉಪಕರಣದ ಡಬ್ಬದಲ್ಲಿ ಸಿಕ್ಕಿತು, ನಿನಗೆ ಬೇಕಾಗಬಹುದು ಅಂತ ಬರೆದಿದ್ದರು. ಒಳಗೆ ಕಪ್ಪು ಪಟ್ಟಿ, ಟೇಪ್ ಸುತ್ತಿದ ಎರಡು ಸ್ಕ್ರೂ. ಒಂದು ತೂತು ಸವೆದು ಸಡಿಲಾಗಿತ್ತು. ಹಲ್ಲುಕಡ್ಡಿಗೆ ಅಂಟು ಹಚ್ಚಿ ತುರುಕಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಸ್ಕ್ರೂ ತಿರುಗಿಸಿದೆ. ಗಟ್ಟಿಯಾಗಿ ಕೂತಿದೆ.