ಅಮ್ಮನ ತೋಳಿನ ಶುಗರ್ ಸೆನ್ಸರ್: ಎರಡು ವರ್ಷ ಬಳಸಿದ ಮೇಲೆ

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿದ್ದರೆ, ಡಾಕ್ಟರನ್ನು ಕೇಳಿ ಒಮ್ಮೆಯಾದರೂ ಈ ಸೆನ್ಸರ್ ಹಾಕಿಸಿ. ಬೆಲೆ ಜಾಸ್ತಿ, ತಾಪತ್ರಯಗಳೂ ಇವೆ. ಆದರೂ ಅಮ್ಮನಿಗೆ ಎರಡು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ ಇದೇ. ಅಮ್ಮ ಇರುವುದು ಹಾಸನದಲ್ಲಿ, ನಾನು ಬೆಂಗಳೂರಿನಲ್ಲಿ. ನಾವು ಬೇರೆ ಬೇರೆ ಕಂಪನಿಯವು ಬಳಸಿದ್ದೇವೆ, ಹಾಗಾಗಿ ಯಾವುದರ ಹೆಸರೂ ಹೇಳುತ್ತಿಲ್ಲ.

ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಬಿಲ್ಲೆ ಇದು. ತೋಳಿನ ಹಿಂಬದಿಗೆ ಅಂಟಿಸುತ್ತಾರೆ. ಅದರ ಕೂದಲೆಳೆಯಂಥ ತಂತು ಚರ್ಮದ ಕೆಳಗೆ ಇರುತ್ತದೆ. ಹಾಕುವಾಗ ಇರುವೆ ಕಚ್ಚಿದಷ್ಟೂ ನೋವಿಲ್ಲ ಅಂತಾರೆ ಅಮ್ಮ. ನಾವು ಬಳಸಿದವು 14 ದಿನ ಬರುತ್ತವೆ. ಕೆಲವೇ ನಿಮಿಷಕ್ಕೊಮ್ಮೆ ರೀಡಿಂಗ್ ಅಮ್ಮನ ಫೋನಿಗೆ ಹೋಗುತ್ತದೆ, ಅಲ್ಲಿಂದ ನನ್ನ ಫೋನಿಗೂ ಬರುತ್ತದೆ.

ನಮಗೆ ಇದರಿಂದ ಆದ ದೊಡ್ಡ ಉಪಕಾರ ರಾತ್ರಿಯದು. ಅಮ್ಮನ ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆಯಲ್ಲಿ 7.2 ಬಂದಿತ್ತು. ವಯಸ್ಸಾದವರಿಗೆ ಇದು ಚೆನ್ನಾಗಿಯೇ ಇದೆ ಅಂದಿದ್ದರು ಡಾಕ್ಟರ್. ಆದರೆ ಅದು ಸುಮಾರು ಮೂರು ತಿಂಗಳ ಶುಗರಿನ ಸರಾಸರಿ ಅಷ್ಟೇ. ಮಧ್ಯಾಹ್ನ 260ಕ್ಕೆ ಏರಿ, ರಾತ್ರಿ 55ಕ್ಕೆ ಇಳಿದರೂ ಸರಾಸರಿ ಚೆಂದವೇ ಕಾಣುತ್ತದೆ, ಅಲ್ವಾ? ಮೊದಲ ವಾರದ ಗ್ರಾಫಿನಲ್ಲೇ ಬೆಳಗಿನ ಜಾವ ಮೂರರ ಹೊತ್ತಿಗೆ ಗೆರೆ 60ಕ್ಕಿಂತ ಕೆಳಗೆ ಹೋಗುವುದು ಕಂಡಿತು. ಆ ಹೊತ್ತಿಗೆ ಬೆವೆತು ಎಚ್ಚರವಾದರೆ ಸೆಕೆ ಇರಬೇಕು ಅಂತ ಅಮ್ಮ ಮಗ್ಗುಲು ಬದಲಿಸಿ ಮಲಗುತ್ತಿದ್ದರಂತೆ. ಡಾಕ್ಟರ್ ಗ್ರಾಫ್ ನೋಡಿ ಸಂಜೆಯ ಇನ್ಸುಲಿನ್ ಕಡಿಮೆ ಮಾಡಿದರು. ಒಬ್ಬರೇ ಮಲಗುವ ಹಿರಿಯರಿಗೆ ಹೀಗೆ ಶುಗರ್ ಇಳಿಯುವುದು ಎಷ್ಟು ಅಪಾಯ ಅಂತ ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಡಾಕ್ಟರ ಜೊತೆಗಿನ ಮಾತೂ ಬದಲಾಯಿತು. ಮೊದಲು ಊಟಕ್ಕೆ ಮುಂಚೆ ಎಷ್ಟು, ಊಟ ಆದಮೇಲೆ ಎಷ್ಟು, ಮುಗಿಯಿತು. ಈಗ ವಾಟ್ಸಾಪಿನಲ್ಲಿ ಕಳಿಸಿದ ರಿಪೋರ್ಟ್ ತೆರೆದಿಟ್ಟುಕೊಂಡು, "ಅಮ್ಮಾ, ಮಂಗಳವಾರ ಹನ್ನೊಂದು ಗಂಟೆಗೆ ಏನು ತಿಂದ್ರಿ?" ಅಂತ ಕೇಳುತ್ತಾರೆ. ಅಮ್ಮನಿಗೂ ಉತ್ತರ ಗೊತ್ತಿರುತ್ತದೆ. ಮುದ್ದೆ ಶುಗರಿಗೆ ಒಳ್ಳೆಯದು ಅಂತ ಎರಡು ಮುದ್ದೆ ಉಣ್ಣುತ್ತಿದ್ದವರು, ಗೆರೆ ಏರಿದ ಪರಿ ನೋಡಿ ಒಂದು ಸಣ್ಣ ಮುದ್ದೆಗೆ ಇಳಿದರು. ಸೊಪ್ಪಿನ ಪಲ್ಯ ಜಾಸ್ತಿ ಹಾಕಿಕೊಳ್ಳುತ್ತಾರೆ. ಉಂಡ ಮೇಲೆ ಅಂಗಳದಲ್ಲಿ ಓಡಾಡುತ್ತಾರೆ. ನಾನು ವರ್ಷಗಟ್ಟಲೆ ಹೇಳಿದರೂ ಆಗದ್ದು ಇದು.

ಇನ್ನು ತೊಂದರೆಗಳು. ಸೆನ್ಸರ್ ಇರುವ ಮಗ್ಗುಲಿಗೇ ಒತ್ತಿ ಮಲಗಿದರೆ ಶುಗರ್ ಇಳಿಯದಿದ್ದರೂ ಇಳಿದಿದೆ ಅಂತ ತೋರಿಸುತ್ತದೆ. ಒಂದು ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಕೂಗಿತು. 58. ಪಕ್ಕದ ಮನೆ ಅಕ್ಕನನ್ನು ಎಬ್ಬಿಸಿ ಕಳಿಸಿದೆ. ಬೆರಳು ಚುಚ್ಚಿ ನೋಡಿದರೆ 112! ಹಾಗಾಗಿ ಗ್ಲೂಕೋಮೀಟರನ್ನು ಅಟ್ಟಕ್ಕೆ ಹಾಕಬೇಡಿ. ಮೈ ಹೇಳುವುದಕ್ಕೂ ಫೋನ್ ಹೇಳುವುದಕ್ಕೂ ತಾಳೆಯಾಗದಿದ್ದರೆ ಬೆರಳು ಚುಚ್ಚಿಯೇ ನೋಡಬೇಕು.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಸೆನ್ಸರ್ ಅಳೆಯುವುದು ಜೀವಕೋಶಗಳ ನಡುವಿನ ದ್ರವದಲ್ಲಿರುವ ಸಕ್ಕರೆಯನ್ನು. ಅದು ರಕ್ತಕ್ಕಿಂತ ಐದು-ಹತ್ತು ನಿಮಿಷ ಹಿಂದಿರುತ್ತದೆ. ಶುಗರ್ ನಿಜಕ್ಕೂ ಇಳಿದಾಗ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ 15 ನಿಮಿಷ ಕಾಯಬೇಕು ಅಂತಾರಲ್ಲ, ಆಗಲೂ ಫೋನಿನಲ್ಲಿ ಅಂಕಿ ಕೆಳಗೇ ಇರಬಹುದು. ಗಾಬರಿಯಲ್ಲಿ ಮತ್ತೆ ಮತ್ತೆ ಸಕ್ಕರೆ ಕೊಟ್ಟರೆ ಆಮೇಲೆ 300 ದಾಟಬಹುದು. ಎಂಆರ್‌ಐ ಮಾಡಿಸುವಾಗ ಸೆನ್ಸರ್ ತೆಗೆಸಬೇಕಾಗಬಹುದು, ಮೊದಲೇ ಕೇಳಿ. ವಿಟಮಿನ್ ಸಿ ಮಾತ್ರೆ ಜಾಸ್ತಿ ತೆಗೆದುಕೊಂಡರೆ ಕೆಲವು ಸೆನ್ಸರ್ ತಪ್ಪು ಅಂಕಿ ತೋರಿಸುತ್ತವೆ. ಬೇಸಿಗೆಯಲ್ಲಿ ಬೆವರಿಗೆ ಅಂಟು ಬಿಟ್ಟು ಅವಧಿಗೆ ಮುಂಚೆಯೇ ಉದುರಿದ್ದೂ ಉಂಟು.

ದುಡ್ಡಿನ ಮಾತಿಗೆ ಬಂದರೆ ಮನಸ್ಸಿಗೆ ಕಷ್ಟವಾಗುತ್ತದೆ. ನಮಗೆ ಒಂದಕ್ಕೆ ನಾಲ್ಕೈದು ಸಾವಿರ ಬೀಳುತ್ತದೆ, ಸದಾ ಹಾಕಿದರೆ ತಿಂಗಳಿಗೆ ಎರಡು ಬೇಕು. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಅವರಲ್ಲಿ ಇನ್ಸುಲಿನ್ ಮೇಲಿರುವ ಬಡವರಿಗಾದರೂ ಸರ್ಕಾರ ಇದನ್ನು ಕಡಿಮೆ ಬೆಲೆಗೆ ಕೊಡಬೇಕು.

ನಾವು ಈಗ ಸದಾ ಹಾಕುವುದಿಲ್ಲ. ಔಷಧಿ ಬದಲಾದಾಗ, ಜ್ವರ ಬಂದು ಸುಧಾರಿಸಿಕೊಳ್ಳುವಾಗ, ಡಾಕ್ಟರ್ ಭೇಟಿಗೆ ಎರಡು ವಾರ ಮುಂಚೆ ಒಂದೊಂದು ಹಾಕುತ್ತೇವೆ. ಬರೀ ಮಾತ್ರೆಯಲ್ಲಿದ್ದು ಶುಗರ್ ಹತೋಟಿಯಲ್ಲಿರುವವರಿಗೆ ಅಷ್ಟೂ ಬೇಕಾಗಲಿಕ್ಕಿಲ್ಲ. ದಿನದ ಎಷ್ಟು ಪಾಲು 70ರಿಂದ 180ರ ಒಳಗಿದೆ ಅಂತ ಆ್ಯಪ್ ತೋರಿಸುತ್ತದೆ. ಸಾಮಾನ್ಯವಾಗಿ ಅದು ಶೇಕಡಾ 70ಕ್ಕಿಂತ ಹೆಚ್ಚಿರಬೇಕು ಅಂತಾರೆ. ಆದರೆ ಅಮ್ಮನಂಥ ಹಿರಿಯರಿಗೆ ಆ ಪಾಲು ಶೇಕಡಾ 50 ದಾಟಿದರೂ ಸಾಕು, ಶುಗರ್ 70ಕ್ಕಿಂತ ಕೆಳಗಿಳಿಯಬಾರದು ಅನ್ನುವುದೇ ಮುಖ್ಯ. ನಿಮ್ಮ ಮನೆಯವರ ಗುರಿ ಎಷ್ಟು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ. ಕೊಳ್ಳುವ ಮುಂಚೆ ಆ್ಯಪ್ ನಿಮ್ಮ ಫೋನಿನಲ್ಲಿ ಓಡುತ್ತದಾ ಅಂತಲೂ ನೋಡಿಕೊಳ್ಳಿ.